ಸುಳ್ಳು ನೆಪದ ರಿಫಂಡ್: ಸ್ವಲ್ಪ ಕೊಟ್ಟು ಕಳಿಸೋದಾ, ಬಿಡಿಗಾಸೂ ಕೊಡದೆ ನಿಲ್ಲೋದಾ?

ಪ್ರಶ್ನೆ ಇಷ್ಟೇ. ಮನೆನೋ ರೂಮೋ ಎರಡು ಮೂರು ದಿನದ ಬಾಡಿಗೆಗೆ ಬಿಟ್ಟಿದ್ದೀರ, ಗೆಸ್ಟ್ ಬಂದು ಆರಾಮಾಗಿ ಉಳ್ಕೊಂಡು ಹೊರಡೋ ಹೊತ್ತಿಗೋ ಹೋದ್ಮೇಲೋ ಒಂದು ಮೆಸೇಜ್ ಹಾಕ್ತಾರೆ, ಬಾತ್‌ರೂಮಲ್ಲಿ ಕೂದಲಿತ್ತು, ವೈಫೈ ಸ್ಲೋ ಇತ್ತು, ರಾತ್ರಿಯೆಲ್ಲಾ ನಿದ್ದೆ ಇಲ್ಲ, ದುಡ್ಡು ವಾಪಸ್ ಮಾಡಿ ಅಂತ. ಅದು ನೆಪ ಅಂತ ನಿಮಗೆ ಗೊತ್ತು, ಅಥವಾ ಹೆಚ್ಚುಕಮ್ಮಿ ಗೊತ್ತು. ಆಗ ಒಂದು ರಾತ್ರಿ ಬಾಡಿಗೆನೋ ಕ್ಲೀನಿಂಗ್ ಚಾರ್ಜೋ ಬಿಟ್ಟುಕೊಟ್ಟು ಮುಗಿಸ್ಬೇಕಾ, ಇಲ್ಲ ಆಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳ್ಬೇಕಾ? ನಿಜವಾಗ್ಲೂ ನಲ್ಲಿಲಿ ನೀರು ಬರ್ದೇ ಇದ್ದ, ಬಾಗಿಲ ಚಿಲಕ ಮುರಿದಿದ್ದ ಕೇಸುಗಳ ಮಾತಲ್ಲ ಇದು, ಅಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ, ಕೊಡ್ಲೇಬೇಕು.

ಪರ: ಸ್ವಲ್ಪ ಕೊಟ್ಟು ಮುಗಿಸಿ

ಮೊದಲು ಲೆಕ್ಕ ನೋಡೋಣ, ನ್ಯಾಯ ಆಮೇಲೆ. ಇಂಥ ಮನೆಗಳನ್ನ ಬುಕ್ ಮಾಡೋ ಆ್ಯಪ್ ಏರ್‌ಬಿಎನ್‌ಬಿಯಲ್ಲಿ ಸೂಪರ್‌ಹೋಸ್ಟ್ (ಚೆನ್ನಾಗಿ ನಡೆಸೋ ಹೋಸ್ಟ್, ಅಂದ್ರೆ ಮನೆ ಬಿಟ್ಟುಕೊಡೋರಿಗೆ, ಸಿಗೋ ಬಿರುದು) ಆಗ್ಬೇಕು ಅಂದ್ರೆ ಹಿಂದಿನ 365 ದಿನದ ರೇಟಿಂಗ್ ಸರಾಸರಿ ಕಮ್ಮಿ ಅಂದ್ರೂ 4.8 ಇರ್ಬೇಕು, ಮೂರು ತಿಂಗಳಿಗೊಂದ್ಸಲ ಚೆಕ್ ಮಾಡ್ತಾರೆ. ಹೊಸ ಹೋಸ್ಟ್ ಒಬ್ಬರಿಗೆ ಹತ್ತೇ ರಿವ್ಯೂ ಇದೆ ಅಂದ್ಕೊಳ್ಳಿ, ಒಂಬತ್ತು ಜನ 5 ಸ್ಟಾರ್ ಕೊಟ್ಟಿದ್ದಾರೆ, ರಿಫಂಡ್ ಸಿಗ್ಲಿಲ್ಲ ಅಂತ ಮುನಿಸ್ಕೊಂಡ ಒಬ್ಬ 1 ಕೊಟ್ಟ, ಸರಾಸರಿ ಸೀದಾ 4.6ಕ್ಕೆ ಬಿತ್ತು. ಮತ್ತೆ 4.8 ಮುಟ್ಟೋಕೆ ಇನ್ನೂ ಹತ್ತು ಜನ ಸಾಲಾಗಿ 5 ಕೊಡ್ಬೇಕು, ಮಧ್ಯೆ ಒಬ್ರು "ಚೆನ್ನಾಗಿತ್ತು" ಅಂತ ಪ್ರೀತಿಯಿಂದ 4 ಒತ್ತಿದ್ರೂ ಲೆಕ್ಕ ಮತ್ತೆ ಕೆಡುತ್ತೆ. ಹತ್ತು ಬುಕಿಂಗ್ ಅಂದ್ರೆ ಸೀಸನ್ ಇಲ್ದೇ ಇರೋ ಕಾಲದಲ್ಲಿ ತಿಂಗಳುಗಟ್ಟಲೆ ಆಗ್ಬಹುದು. ಇದರ ಮುಂದೆ ಒಂದು ರಾತ್ರಿ ಬಾಡಿಗೆ ಯಾವ ದೊಡ್ಡ ಮೊತ್ತ ಹೇಳಿ.

ಇನ್ನು ನಿಮ್ಮ ಟೈಮ್. ಒಂದು ಜಗಳ ಶುರುವಾದ್ರೆ ಸಪೋರ್ಟ್‌ಗೆ ಮೆಸೇಜ್, ಅವರು ಕೇಳಿದ ಫೋಟೋ, ಮತ್ತೆ ಬೇರೆ ಯಾರೋ ಕೇಸ್ ತಗೊಂಡು ಮೊದಲಿಂದ ಅದೇ ಪ್ರಶ್ನೆ, ಅದೇ ಉತ್ತರ. ಆ ಹೊತ್ತಿಗೆ ಮುಂದಿನ ಗೆಸ್ಟ್ ಬಾಗಿಲ ಹತ್ರ ನಿಂತಿರ್ತಾರೆ, ನೀವು ಹಿಂದಿನವರ ಕೋಪದಲ್ಲೇ ಅವರಿಗೆ ಕೀ ಕೊಡ್ತೀರ. ಎರಡು ರೂಮ್ ಇಟ್ಕೊಂಡು ಇನ್ನೊಂದು ಕೆಲಸನೂ ಮಾಡ್ಕೊಂಡಿರೋರಿಗೆ ಇದು ಚಿಕ್ಕ ವಿಷಯ ಅಲ್ಲ.

ಆದ್ರೆ ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಬೇರೆ. ನೆಪ ಅಂತ ನಿಮಗೆ ಗೊತ್ತು ಅಂತೀರಲ್ಲ, ಹೇಗೆ ಗೊತ್ತು? ನೀವು ಆ ರಾತ್ರಿ ಆ ರೂಮಲ್ಲಿ ಮಲಗಿರ್ಲಿಲ್ಲ. ಮೇಲಿನ ಮನೆಯವರು ಅವತ್ತು ಮಧ್ಯರಾತ್ರಿ ಸಾಮಾನು ಎಳೆದಾಡಿದ್ರೋ ಇಲ್ವೋ ನಿಮಗೇನು ಗೊತ್ತು. ರಿಫಂಡ್ ಕೇಳೋರಲ್ಲಿ ಪಕ್ಕಾ ಮೋಸಗಾರರು ಕಮ್ಮಿ, ನಿರಾಸೆ ಆದೋರೇ ಜಾಸ್ತಿ ಅನ್ನೋದು ನನ್ನ ಅಂದಾಜು. ಲಿಸ್ಟಿಂಗ್‌ನಲ್ಲಿ "ಮೂರನೇ ಮಹಡಿ, ಲಿಫ್ಟ್ ಇಲ್ಲ" ಅಂತ ಬರೆದಿರ್ತೀರ, ಅವರು ಫೋಟೋ ಮಾತ್ರ ನೋಡಿ ಬುಕ್ ಮಾಡಿರ್ತಾರೆ, ವಯಸ್ಸಾದ ಅಮ್ಮನ್ನ ಕರ್ಕೊಂಡು ಬಂದು ಮೆಟ್ಟಿಲ ಬುಡದಲ್ಲಿ ನಿಂತಾಗ ಜೀವ ಧಸಕ್ ಅನ್ನುತ್ತೆ. ತಪ್ಪು ಅವರದೇ, ಒಪ್ಪೋಣ. ಆದ್ರೆ ಓದ್ಲಿಲ್ಲ ಅಂತ ಒಪ್ಕೊಳ್ಳೋಕೆ ಮನಸ್ಸಾಗಲ್ಲ, ಅದಕ್ಕೇ ರೂಮ್ ಕ್ಲೀನಿಲ್ಲ, ಬೆಡ್‌ಶೀಟ್ ವಾಸನೆ ಅಂತ ಏನೋ ಒಂದು ಹುಡುಕ್ತಾರೆ. ದೂರು ಸುಳ್ಳು, ನೋವು ನಿಜ.

ಪ್ರೂಫ್ ಇದೆ ಅಂತ ಬೀಗೋದೂ ಈಗ ಕಷ್ಟ. 2025ರಲ್ಲಿ ನ್ಯೂಯಾರ್ಕಿನ ಒಂದು ಅಪಾರ್ಟ್‌ಮೆಂಟ್ ವಿಷಯದಲ್ಲಿ ಹೋಸ್ಟ್ ಕಡೆಯವರೇ ತಿದ್ದಿದ ಫೋಟೋ ಕೊಟ್ಟು ಗೆಸ್ಟ್ ಹತ್ರ ದೊಡ್ಡ ಡ್ಯಾಮೇಜ್ ಮೊತ್ತ ಕೇಳಿದ್ದಾರೆ ಅನ್ನೋ ಆರೋಪ ಸುದ್ದಿಯಾಯ್ತು, ಏರ್‌ಬಿಎನ್‌ಬಿ ಮೊದಲು ಹೋಸ್ಟ್ ಪರ ನಿಂತು ಆಮೇಲೆ ಗೆಸ್ಟ್‌ಗೆ ದುಡ್ಡು ವಾಪಸ್ ಮಾಡಿ ಕ್ಷಮೆ ಕೇಳ್ತು. ಅಂದ್ಮೇಲೆ ನಿಮ್ಮ ಫೋಟೋನ ಮಾತ್ರ ಕಣ್ಣುಮುಚ್ಚಿ ನಂಬಿ ಅಂತ ಯಾರ್ಗೆ ಹೇಳ್ತೀರ. ಯಾರ ಹತ್ರನೂ ಪೂರ್ತಿ ಸತ್ಯ ಇಲ್ದೇ ಇರೋ ಜಾಗದಲ್ಲಿ ನಡುವೆ ಎಲ್ಲೋ ಒಂದು ಕಡೆ ಸೆಟಲ್ ಆಗೋದು ಹೇಡಿತನ ಅಲ್ಲ, ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಹಾಗೆ.

ನೇರವಾಗಿ ಬುಕಿಂಗ್ ತಗೊಳ್ಳೋರು ಇನ್ನೊಂದು ನೆನಪಿಡ್ಬೇಕು. ಕಾರ್ಡಲ್ಲಿ ಕಟ್ಟಿದ ಗೆಸ್ಟ್ ನಿಮ್ಮನ್ನ ಬಿಟ್ಟು ಸೀದಾ ಬ್ಯಾಂಕ್‌ಗೆ ಹೋಗಿ ಚಾರ್ಜ್‌ಬ್ಯಾಕ್ ಹಾಕ್ಬಹುದು, ಅಂದ್ರೆ ಕಟ್ಟಿದ ದುಡ್ಡು ವಾಪಸ್ ಕೊಡಿಸಿ ಅಂತ ಬ್ಯಾಂಕನ್ನೇ ಕೇಳ್ಬಹುದು, ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 120 ದಿನದವರೆಗೂ ಟೈಮ್ ಇರುತ್ತೆ. ಸೋತ್ರೆ ಪೂರ್ತಿ ಬಾಡಿಗೆನೂ ಹೋಯ್ತು, ಮೇಲೆ ಚಾರ್ಜ್‌ಬ್ಯಾಕ್ ಫೀಸೂ ಬಿತ್ತು. ಮೊದಲೇ ಕಾಲುಭಾಗ ಕೊಟ್ಟು, ಇದಕ್ಕೆ ಒಪ್ಪಿದ್ದೀನಿ ಅಂತ ಗೆಸ್ಟ್ ಕೈಯಲ್ಲಿ ಬರೆಸ್ಕೊಂಡಿದ್ರೆ ಬ್ಯಾಂಕ್ ಮುಂದೆ ತೋರಿಸೋಕೆ ಏನೋ ಒಂದು ಇರ್ತಿತ್ತು.

ಕೊಡೋದ್ರಲ್ಲೂ ಒಂದು ರೀತಿ ಇದೆ, ಕೇಳಿದ ತಕ್ಷಣ ಕೈ ಎತ್ತಿ ಕೊಡಿ ಅಂತ ನಾನು ಹೇಳ್ತಿಲ್ಲ. ಅವರು ಹೇಳಿದ ಮೊತ್ತಕ್ಕೆ ಒಪ್ಪಬೇಡಿ, ನಿಮ್ಮದೇ ಒಂದು ಮೊತ್ತ ಒಂದೇ ಸಲ ಹೇಳಿ, ಚೌಕಾಶಿಗೆ ಇಳೀಬೇಡಿ. "ನಿಮ್ಮ ಸ್ಟೇ ನೀವು ಅಂದ್ಕೊಂಡ ಹಾಗಿರ್ಲಿಲ್ಲ ಅಂತ ಬೇಜಾರಾಯ್ತು, ನಮ್ಮ ಕಡೆಯಿಂದ ಇಷ್ಟು ಬಿಡ್ತೀವಿ" ಅನ್ನಿ, ಕೂದಲಿತ್ತು ಅಂತಾಗ್ಲಿ ಇರ್ಲಿಲ್ಲ ಅಂತಾಗ್ಲಿ ಬರೀಬೇಡಿ. ರಿವ್ಯೂ ಮಾತು ಅಪ್ಪಿತಪ್ಪಿನೂ ಎತ್ತಬೇಡಿ, ದುಡ್ಡಿಗೆ ರಿವ್ಯೂ ಕೊಂಡ್ಕೊಂಡ ಹಾಗಾಗಿ ನಿಯಮ ಮುರಿದೋರು ನೀವೇ ಆಗ್ತೀರ. ಮತ್ತೆ ಕೊಡೋದು ಆ್ಯಪ್ ಒಳಗಿಂದ್ಲೇ ಕೊಡಿ, ಹೊರಗಡೆ ಕೊಟ್ರೆ ಅದು ದಾಖಲೆಗೇ ಬರಲ್ಲ, ಅದೇ ಗೆಸ್ಟ್ ನಾಳೆ ಆ್ಯಪಲ್ಲಿ ಇನ್ನೊಂದ್ಸಲ ಕೇಳ್ತಾರೆ.

ವಿರೋಧ: ತಪ್ಪಿದ್ರೆ ಪೂರ್ತಿ ಕೊಡಿ, ಇಲ್ದಿದ್ರೆ ಏನೂ ಬೇಡ

ರೇಟಿಂಗ್ ಭಯದಿಂದ ಕೊಡಿ ಅನ್ನೋ ವಾದದಲ್ಲಿ ದೊಡ್ಡ ತೂತಿದೆ. ಏರ್‌ಬಿಎನ್‌ಬಿಯಲ್ಲಿ ರಿವ್ಯೂ ಬರೆಯೋಕೆ 14 ದಿನ, ಇಬ್ರೂ ಬರೆಯೋವರೆಗೂ ಅಥವಾ 14 ದಿನ ಮುಗಿಯೋವರೆಗೂ ಒಬ್ಬರದ್ದು ಇನ್ನೊಬ್ರಿಗೆ ಕಾಣಲ್ಲ. ಅಂದ್ರೆ ನೀವು ಇವತ್ತು ದುಡ್ಡು ಕಳಿಸ್ತೀರ, ಅವರು ಥ್ಯಾಂಕ್ಯೂ ಅಂತ ನಗೋ ಇಮೋಜಿ ಹಾಕಿ ಅವತ್ತು ರಾತ್ರಿನೇ 1 ಸ್ಟಾರ್ ಒತ್ತಿ ಮಲಗ್ತಾರೆ, ನಿಮಗೆ ಗೊತ್ತಾಗೋದು ಆಮೇಲೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಅದೂ ಅಲ್ದೆ ರಿವ್ಯೂ ಜೊತೆ ಗಂಟು ಹಾಕ್ಬೇಡಿ ಅಂತ ಪರ ಕಡೆಯವರೇ ಹೇಳಿದ್ರಲ್ಲ, ಗಂಟು ಹಾಕ್ದೇ ಇದ್ರೆ ಆ ದುಡ್ಡು ಕಾಪಾಡಿದ್ದಾದ್ರೂ ಏನನ್ನ? 4.6ರ ಲೆಕ್ಕ ಸರಿಯಾಗೇ ಇದೆ, ಅದು ಹತ್ತು ರಿವ್ಯೂ ಇರೋರ ಲೆಕ್ಕ. ಇಪ್ಪತ್ತರಲ್ಲಿ ಒಂದು 1 ಬಿದ್ದು ಮಿಕ್ಕಿದ್ದೆಲ್ಲಾ 5 ಇದ್ರೆ ಸರಾಸರಿ ಸರಿಯಾಗಿ 4.8ರಲ್ಲೇ ನಿಲ್ಲುತ್ತೆ. ಹೊಸಬರಿಗೆ ಪೆಟ್ಟು ಜೋರು ಅಂತ ನಾನೂ ಒಪ್ತೀನಿ. ಆದ್ರೆ ಹೊಸಬರು ಹೆದರ್ತಾರೆ ಅಂತ ಗೊತ್ತಿರೋದಕ್ಕೇ ಈ ಥರದ ಗೆಸ್ಟ್‌ಗಳು ರಿವ್ಯೂ ಕಮ್ಮಿ ಇರೋ ಮನೆನ ಹುಡುಕ್ಕೊಂಡು ಬರ್ತಾರೆ ಅನ್ನೋದು ನನ್ನ ಗುಮಾನಿ.

ನಿರಾಸೆ ಆದೋರೂ ಮೋಸ ಮಾಡೋರೂ ಹೊರಗಿಂದ ಒಂದೇ ಥರ ಕಾಣ್ತಾರೆ ಅನ್ನೋದನ್ನ ನಾನು ಒಪ್ಪಲ್ಲ. ಒಂದು ವ್ಯತ್ಯಾಸ ಯಾವಾಗ್ಲೂ ಇರುತ್ತೆ: ತೊಂದ್ರೆ ನಿಜ ಇದ್ರೆ ಅದನ್ನ ಸರಿ ಮಾಡಿ ಅಂತಾರೆ, ಸುಳ್ಳಾದ್ರೆ ಸರಿ ಮಾಡೋಕೆ ಬಿಡೋದೇ ಇಲ್ಲ.

ತಿಗಣೆ ಕೇಸೇ ತಗೊಳ್ಳಿ, ಈ ಮಾತು ಕೇಳಿದ್ರೆ ಯಾವ ಹೋಸ್ಟ್‌ಗಾದ್ರೂ ಜೀವ ಬಾಯಿಗೆ ಬರುತ್ತೆ. ಎರಡನೇ ದಿನ ಬೆಳಿಗ್ಗೆ ಮೆಸೇಜ್, ಕೈ ಮೇಲೆ ಮೂರು ಕೆಂಪು ಗುಳ್ಳೆ, ಫೋಟೋ ಇದೆ, ಪೂರ್ತಿ ರಿಫಂಡ್ ಬೇಕು. ಗಾಬರಿಲಿ ಸಾರಿ ಸಾರಿ ಅಂತ ಟೈಪ್ ಮಾಡೋಕೆ ಮುಂಚೆ ಒಂದು ನಿಮಿಷ ಕೂತ್ಕೊಳ್ಳಿ. ಬರೀ ಗುಳ್ಳೆ ನೋಡಿ ಇದು ತಿಗಣೆನೇ ಅಂತ ಖಚಿತವಾಗಿ ಹೇಳಕ್ಕಾಗಲ್ಲ, ಸೊಳ್ಳೆ ಇರಬಹುದು, ಅಲರ್ಜಿ ಇರಬಹುದು, ಕೆಲವರಿಗಂತೂ ತಿಗಣೆ ಕಚ್ಚಿದ ಗುರುತು ಏಳೋಕೇ 14 ದಿನದವರೆಗೂ ಹಿಡಿಯುತ್ತೆ, ಅಂದ್ರೆ ಹಿಂದಿನ ಊರಲ್ಲಿ ಕಚ್ಚಿದ್ದು ನಿಮ್ಮ ಮನೇಲಿ ಎದ್ದಿರಬಹುದು. ತಿಗಣೆ ಬೀಡುಬಿಟ್ಟಿದ್ರೆ ಹಾಸಿಗೆನೇ ಹೇಳುತ್ತೆ. ಬೆಡ್‌ಶೀಟ್ ತೆಗೆದು ಹಾಸಿಗೆ ಅಂಚಿನ ಹೊಲಿಗೆನ ಬೆರಳಲ್ಲಿ ಅಗಲ ಮಾಡಿ ನೋಡಿ, ಪೆನ್ನಲ್ಲಿ ಚುಕ್ಕಿ ಇಟ್ಟ ಹಾಗೆ ಕಪ್ಪು ಕಲೆ, ಕಳಚಿದ ತೆಳು ಪೊರೆ, ಮಂಚದ ಸಂದಿಲಿ 5 ಮಿಲಿಮೀಟರ್ ಆಸುಪಾಸಿನ ಚಪ್ಪಟೆ ಕಂದು ಹುಳ. ಅವತ್ತೇ ಪೆಸ್ಟ್ ಕಂಟ್ರೋಲ್‌ನವರನ್ನ ಗೊತ್ತು ಮಾಡಿ, ಬರವಣಿಗೇಲಿ ರಿಪೋರ್ಟ್ ಕೊಡೋಕೆ ಹೇಳಿ, ಗೆಸ್ಟ್‌ಗೆ ಆ್ಯಪಲ್ಲೇ "ಮಧ್ಯಾಹ್ನ 12ಕ್ಕೆ ಬಂದು ನೋಡ್ತಾರೆ, ಆಗಬಹುದಾ" ಅಂತ ಕೇಳಿ. ನಿಜವಾಗಿ ಹೆದರಿರೋರು 12ರವರೆಗೂ ಯಾಕೆ, ಈಗ್ಲೇ ಕಳಿಸಿ ಅಂತಾರೆ. ದುಡ್ಡಿನ ಮೇಲೆ ಕಣ್ಣಿರೋರು ಯಾರೂ ಬರೋದು ಬೇಡ, ನಮ್ಮ ಪ್ರೈವಸಿ, ರಿಫಂಡ್ ಮಾಡಿದ್ರೆ ಸಾಕು ಅಂತಾರೆ, ಇನ್ನೂ ಎರಡು ರಾತ್ರಿ ಅದೇ ಹಾಸಿಗೆ ಮೇಲೆ ಮಲಗ್ತಾರೆ ಬೇರೆ! ಆ "ಬೇಡ" ಅನ್ನೋ ಮೆಸೇಜ್ ನಿಮ್ಮ ಹತ್ತು ಫೋಟೋಗಿಂತ ತೂಕದ್ದು. ರಿಪೋರ್ಟಲ್ಲಿ ತಿಗಣೆ ಸಿಕ್ತು ಅನ್ನಿ, ಆಗ ಕಾಲುಭಾಗ ಗೀಲುಭಾಗ ಅಂತ ಮಾತಾಡೋಕೆ ನಾಚಿಕೆ ಆಗ್ಬೇಕು, ಪೂರ್ತಿ ವಾಪಸ್ ಮಾಡಿ ಬೇರೆ ಜಾಗ ಹುಡುಕೋಕೂ ಸಹಾಯ ಮಾಡಿ.

ನನ್ನ ತಕರಾರು ಇಲ್ಲೇ ಇರೋದು. ಅರ್ಧಂಬರ್ಧ ಕೊಡೋದು ಎರಡು ಕಡೆನೂ ಅನ್ಯಾಯ, ನಿಜವಾಗಿ ಕಷ್ಟಪಟ್ಟ ಗೆಸ್ಟ್‌ಗೆ ಕಮ್ಮಿ ಕೊಟ್ಟು ಸಾಗಹಾಕ್ತೀರ, ಸುಳ್ಳು ಹೇಳಿದವರಿಗೆ ಜಾಸ್ತಿ ಕೊಡ್ತೀರ. ಸತ್ಯ ಗೊತ್ತಿಲ್ಲ ಅಂದ್ರೆ ಗೊತ್ತುಮಾಡ್ಕೊಳ್ಳೋ ಕೆಲಸ ಮಾಡಿ, ಅದನ್ನ ತಪ್ಪಿಸ್ಕೊಳ್ಳೋಕೆ ದುಡ್ಡು ಕೊಡೋದಲ್ಲ. ಮೆಟ್ಟಿಲ ಬುಡದಲ್ಲಿ ಅಮ್ಮನ ಜೊತೆ ನಿಂತವರ ಬಗ್ಗೆ ನನಗೂ ಅಯ್ಯೋ ಅನ್ಸುತ್ತೆ, ಆದ್ರೆ ಅವರು ಅಲ್ಲೇ ನಿಂತು "ನೋಡ್ಲಿಲ್ಲ ರೀ, ಏನಾದ್ರೂ ಮಾಡಕ್ಕಾಗುತ್ತಾ" ಅಂತ ಫೋನ್ ಮಾಡಿದ್ರೆ ಕ್ಯಾನ್ಸಲ್ ಮಾಡ್ಕೊಡೋ ಹೋಸ್ಟ್‌ಗಳು ಎಷ್ಟೋ ಜನ ಇದ್ದಾರೆ, ಅದು ಕೇಳಿದ್ದಕ್ಕೆ ಕೊಟ್ಟಿದ್ದು. ಮೂರು ದಿನ ಇದ್ದು ಬೆಡ್‌ಶೀಟ್ ವಾಸನೆ ಅಂದವರಿಗೆ ಅದೇ ದಯೆ ಯಾಕೆ?

ಮತ್ತೆ ಆ ದುಡ್ಡು ಬರೀ ನಿಮ್ಮದಲ್ಲ. ಕ್ಲೀನಿಂಗ್ ಚಾರ್ಜ್ ಬಿಟ್ಟುಕೊಡೋಣ ಅಂತ ಎಷ್ಟು ಸಲೀಸಾಗಿ ಹೇಳ್ತಾರೆ ನೋಡಿ, ಅದು ಸ್ನಾನದ ಮನೆ ತಿಕ್ಕಿ ಹೋದವರ ಕೂಲಿ, ಅವರಿಗೆ ನೀವು ಕೊಟ್ಟೇ ಕೊಡ್ತೀರ, ಅಂದ್ರೆ ಎರಡು ಸಲ ಕೊಟ್ಟ ಹಾಗೆ. ಅವರು ಸರಿಯಾಗಿ ಮಾಡಿದ ಕೆಲಸನ ಸರಿ ಇಲ್ಲ ಅಂತ ನೀವೇ ಸಹಿ ಹಾಕಿದ ಹಾಗೂ ಆಯ್ತು.

ನಿಯಮಗಳು ಪೂರ್ತಿ ಗೆಸ್ಟ್ ಕಡೆ ಅಂತ ಗೊಣಗೋರು ಅವನ್ನ ಒಂದ್ಸಲ ಓದಿದ್ರೆ ಒಳ್ಳೇದು. ಏರ್‌ಬಿಎನ್‌ಬಿಯಲ್ಲಿ ಗೆಸ್ಟ್ ಸಮಸ್ಯೆ ಕಂಡ 72 ಗಂಟೆ ಒಳಗೆ ತಿಳಿಸ್ಬೇಕು, ಆದಷ್ಟೂ ಮೊದಲು ಹೋಸ್ಟ್‌ಗೆ ಹೇಳಿ ಸರಿ ಮಾಡಿಸ್ಕೊಳ್ಳೋಕೆ ನೋಡ್ಬೇಕು. ಮನೆಗೆ ಹೋಗಿ ವಾರ ಆದ್ಮೇಲೆ ನೆನಪಾದ ಕೂದಲಿಗೆ ಇದ್ರಲ್ಲಿ ಜಾಗ ಕಮ್ಮಿ. "ರಿಫಂಡ್ ಕೊಡಿ, ಇಲ್ದಿದ್ರೆ ಕೆಟ್ಟ ರಿವ್ಯೂ ಹಾಕ್ತೀನಿ" ಅಂತ ಹೆದರಿಸೋದೇ ನಿಯಮಕ್ಕೆ ವಿರುದ್ಧ, ಆ ಮೆಸೇಜ್ ತೋರಿಸಿ ರಿವ್ಯೂ ತೆಗೆಸೋಕೆ ಕೇಳ್ಬಹುದು. ಅದಕ್ಕೇ ಇಂಥ ಮಾತನ್ನ ಬಹಳ ಜನ ಫೋನಲ್ಲಿ ಹೇಳ್ತಾರೆ, ಬರೆಯಲ್ಲ. ನೀವು ಫೋನ್ ಇಟ್ಟ ತಕ್ಷಣ ಆ್ಯಪಲ್ಲಿ "ಈಗ ಫೋನಲ್ಲಿ ನೀವು ಇಂತಿಂಥದ್ದು ಹೇಳಿದ್ರಿ, ನಾನು ಸರಿಯಾಗಿ ಅರ್ಥ ಮಾಡ್ಕೊಂಡಿದ್ದೀನಾ?" ಅಂತ ಹಾಕಿ, ಉತ್ತರ ಬಂದ್ರೂ ಬರ್ದಿದ್ರೂ ಅದು ಅಲ್ಲಿರುತ್ತೆ.

ಫೋಟೋ ಬಗ್ಗೆನೂ ಅಷ್ಟೇ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಯಾವಾಗ ಎಲ್ಲಿ ತೆಗೆದಿದ್ದು ಅನ್ನೋ ಮಾಹಿತಿ ಅಳಿಸಿಹೋಗುತ್ತೆ, ಹಾಗೆ ಬಂದ ಕೊಳಕು ಸಿಂಕ್ ಯಾರ ಮನೇದು ಅಂತ ಫೋಟೋ ನೋಡಿ ಹೇಳೋದು ಕಷ್ಟ. ಒರಿಜಿನಲ್ ಫೈಲ್ ಕೇಳಿ. ಕೇಳಿದ್ಮೇಲೆ ಮಾತು ನಿಂತುಹೋದ್ರೆ ಅದೂ ಒಂದು ಉತ್ತರ. ನಿಮ್ಮ ಕಡೆಯಿಂದ ಪ್ರತಿ ಚೆಕ್-ಇನ್‌ಗೂ ಮುಂಚೆ ಕಟ್ ಮಾಡ್ದೆ ಒಂದು ವಿಡಿಯೋ, ನಲ್ಲಿ ತಿರುಗಿಸಿ, ಲೈಟ್ ಹಾಕಿ, ಹಾಸಿಗೆ ಮೇಲೆ ಕೈ ಆಡಿಸಿ. ನ್ಯೂಯಾರ್ಕ್ ಕೇಸ್ ಹೇಳಿದ್ರಲ್ಲ, ಅದು ಒಂದೆರಡು ಸ್ಟಿಲ್ ಫೋಟೋ ಮೇಲೆ ಭರವಸೆ ಇಡಬಾರದು ಅನ್ನೋದಕ್ಕೆ ಸಾಕ್ಷಿನೇ ಹೊರತು ಪ್ರೂಫೇ ಬೇಡ ಅನ್ನೋದಕ್ಕಲ್ಲ. ಕ್ಯಾಮೆರಾ ಮಾತ್ರ ಒಳಗಡೆ ಇಡಬೇಡಿ, 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿಯಲ್ಲಿ ಮನೆ ಒಳಗೆ ಕ್ಯಾಮೆರಾ ಇಡೋದನ್ನೇ ಪೂರ್ತಿ ನಿಷೇಧ ಮಾಡಿದ್ದಾರೆ, ಅಲ್ಲಿ ಸಿಕ್ಕಿಬಿದ್ರೆ ಗೆಸ್ಟ್ ಸುಳ್ಳು ಹೇಳಿದ್ದೂ ಮುಚ್ಚಿಹೋಗುತ್ತೆ.

ಇಷ್ಟೆಲ್ಲಾ ಮಾಡಿದ್ರೂ ಕೆಲವು ಸಲ ಸಪೋರ್ಟ್‌ನವರು ಗೆಸ್ಟ್ ಪರನೇ ತೀರ್ಪು ಕೊಟ್ಟು ನಿಮ್ಮ ಮುಂದಿನ ಪೇಔಟಲ್ಲಿ (ಆ್ಯಪ್ ನಿಮಗೆ ಕಳಿಸೋ ಬಾಡಿಗೆ ದುಡ್ಡಲ್ಲಿ) ಕತ್ತರಿಸ್ಕೊಳ್ತಾರೆ, ಸುಳ್ಳು ಹೇಳಲ್ಲ. ಹೋಗ್ಲಿ, ಆದ್ರೆ ಅವರು ಕಿತ್ಕೊಂಡಿದ್ದಕ್ಕೂ ನೀವೇ ಕೊಟ್ಟಿದ್ದಕ್ಕೂ ವ್ಯತ್ಯಾಸ ಇದೆ, ನೀವೇ ಕೊಟ್ರೆ ಆ ಗೆಸ್ಟ್ ಬಗ್ಗೆ ಎಲ್ಲೂ ಒಂದು ತಕರಾರೂ ಉಳಿಯಲ್ಲ, ಮುಂದಿನ ಹೋಸ್ಟ್‌ಗೆ ಕಾಣೋದು ಒಳ್ಳೇ ಗೆಸ್ಟ್ ಒಬ್ಬರ ಪ್ರೊಫೈಲು. ಆ ಕಡೆ ನೀವೂ ಹೊಟ್ಟೆಲಿ ಬೆಂಕಿ ಇಟ್ಕೊಂಡು "ಗ್ರೇಟ್ ಗೆಸ್ಟ್" ಅಂತ ಬರೆದು ಕೈತೊಳ್ಕೊಂಡಿರ್ತೀರ, ಇದನ್ನ ಎಷ್ಟು ಹೋಸ್ಟ್‌ಗಳು ಮಾಡ್ತಾರೋ! ಗೆಸ್ಟ್ ರಿವ್ಯೂ ಕೆಟ್ಟದಾಗೇ ಬಂತು ಅಂದ್ಕೊಳ್ಳಿ, ಅದರ ಕೆಳಗೆ ಉತ್ತರ ಬರೆಯೋಕೆ ನಿಮಗೆ 30 ದಿನ ಇದೆ. ಕೋಪ ಇಳಿದ್ಮೇಲೆ ಬರೀರಿ, ಉದ್ದ ಬೇಡ: "ವೈಫೈ ದೂರು ಬಂದಿದ್ದು ಚೆಕ್-ಔಟ್ ಆಗಿ ನಾಲ್ಕು ದಿನಕ್ಕೆ. ಉಳ್ಕೊಂಡಿದ್ದಾಗ ಹೇಳಿದ್ರೆ ಅವತ್ತೇ ರೂಟರ್ ಬದಲಾಯಿಸ್ತಿದ್ವಿ, ಇನ್ನೊಂದು ರೂಟರ್ ಮನೇಲೇ ಇದೆ." ಮುಂದೆ ಬುಕ್ ಮಾಡೋಕೆ ಬಂದವರು ಆ ಒಂದು ಸ್ಟಾರ್ ಜೊತೆ ಇದನ್ನೂ ಓದ್ತಾರೆ.