ಕಸಿ ಆದವರನ್ನು ಕಾಪಾಡುವುದು ಅವರೊಬ್ಬರದೇ ಕೆಲಸನಾ?

"ಕೊರೊನಾ ಎಲ್ಲಾ ಮುಗೀತಲ್ಲ, ಇನ್ನೂ ಯಾಕೆ ಈ ಮಾಸ್ಕ್?" ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಈ ಪ್ರಶ್ನೆ ಇವತ್ತಿಗೂ ತಪ್ಪಿಲ್ಲ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ನಿಜ. ಆದರೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ, ಮುಜುಗರಕ್ಕೆ ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಳ್ಳುವವರಿದ್ದಾರೆ ನೋಡಿ, ಅಲ್ಲಿ ನನಗೆ ಸಿಟ್ಟು ಬರುತ್ತದೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಅಂತ. ವೈರಸ್ ಹೋಯಿತು ಅಂತ ಯಾರೂ ಹೇಳಿಲ್ಲ.

ಕಸಿ ಆದ ಮೇಲೆ ಏನಾಗುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಕಿಡ್ನಿಯೋ ಲಿವರ್ರೋ ಹೃದಯವೋ, ಬೇರೆಯವರ ಅಂಗ ಒಳಗೆ ಬಂದ ತಕ್ಷಣ ದೇಹ ಅದನ್ನು ಪರಕೀಯ ಅಂತ ಗುರುತಿಸಿ ಹೊಡೆಯಲು ಹೊರಡುತ್ತದೆ. ಅದನ್ನು ತಡೆಯಲು ಟ್ಯಾಕ್ರೋಲಿಮಸ್, ಮೈಕೋಫೆನೋಲೇಟ್, ಸ್ಟೀರಾಯ್ಡ್ ಇಂಥ ಮಾತ್ರೆಗಳನ್ನು ಹೊತ್ತು ಹೊತ್ತಿಗೆ, ಅಂಗ ಕೆಲಸ ಮಾಡುವಷ್ಟು ಕಾಲವೂ ತಗೋಬೇಕು. ಈ ಮಾತ್ರೆಗಳು ಯಾವ ಜೀವಕೋಶಗಳ ಕೈ ಕಟ್ಟುತ್ತವೋ, ವೈರಸ್ ಬಂದಾಗ ಎದುರು ನಿಲ್ಲಬೇಕಾದವೂ ಅವೇ. ಲಸಿಕೆ ಹಾಕಿಸಿಕೊಂಡಾಗ ಪಾಠ ಕಲಿಯಬೇಕಾದವೂ ಅವೇ.

ಅದಕ್ಕೇ ಲಸಿಕೆಯ ಲೆಕ್ಕ ಇವರಿಗೆ ಬೇರೆ. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಕಸಿ ಆದ 658 ಜನರನ್ನು ಪರೀಕ್ಷಿಸಿದ್ದರು. ಎರಡು ಡೋಸ್ ಎಂಆರ್‌ಎನ್‌ಎ ಲಸಿಕೆ (ಫೈಜರ್, ಮಾಡರ್ನಾ ಥರದ್ದು) ಆದ ಮೇಲೂ ಪ್ರತಿಕಾಯ, ಅಂದರೆ ವೈರಸ್ಸನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್, ಕಂಡದ್ದು ಶೇ 54 ಜನರಲ್ಲಿ ಮಾತ್ರ. ಆರೋಗ್ಯವಂತರಲ್ಲಿ ಹೆಚ್ಚುಕಮ್ಮಿ ಎಲ್ಲರಲ್ಲೂ ಕಾಣುತ್ತಿತ್ತು. ಫ್ರಾನ್ಸಿನಲ್ಲಿ ಕಸಿಯಾದ 101 ಜನರಿಗೆ ಮೂರನೇ ಡೋಸ್ ಕೊಟ್ಟು ನೋಡಿದಾಗ, ಪ್ರತಿಕಾಯ ಕಂಡವರು ಶೇ 40 ಇದ್ದದ್ದು ಶೇ 68ಕ್ಕೆ ಏರಿತು. ಏರಿತು, ಸಂತೋಷ. ಆದರೂ ಮೂರರಲ್ಲಿ ಒಬ್ಬರು ಹೊರಗೇ ಉಳಿದರು. ಇದನ್ನು ಓದಿ ಲಸಿಕೆಯೇ ಬೇಡ ಅಂತ ಯಾರೂ ತೀರ್ಮಾನಿಸಬೇಡಿ ಮತ್ತೆ. ಪ್ರತಿಕಾಯ ಕಮ್ಮಿ ಬಂದರೂ ಕಾಯಿಲೆ ತೀವ್ರವಾಗುವುದನ್ನು ಲಸಿಕೆ ಎಷ್ಟೋ ತಗ್ಗಿಸುತ್ತದೆ. ಇವರಿಗೆ ಹೆಚ್ಚುವರಿ ಡೋಸ್ ಹೇಳುವುದೂ ಅದಕ್ಕೇ.

ಲಸಿಕೆ ಕೆಲಸ ಮಾಡದವರಿಗೆ ಅಂತಲೇ ಇವುಶೆಲ್ಡ್ ಅನ್ನುವ ಪ್ರತಿಕಾಯದ ಚುಚ್ಚುಮದ್ದು ಬಂದಿತ್ತು. ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ವೈರಸ್ ರೂಪ ಬದಲಿಸುತ್ತಾ ಹೋಯಿತು, 2023ರ ಜನವರಿಯಲ್ಲಿ ಒಪ್ಪಿಗೆ ವಾಪಸ್. ಸಿಕ್ಕಿದ್ದ ಆಸರೆ ಅಷ್ಟು ಬೇಗ ಕೈ ತಪ್ಪಿತು.

ಇನ್ನು ಕೊರೊನಾಗೆ ಪ್ಯಾಕ್ಸ್‌ಲೋವಿಡ್ ಅನ್ನುವ ಮಾತ್ರೆ ಇದೆಯಲ್ಲ ಅನ್ನುತ್ತೀರಿ. ಪ್ಯಾಕ್ಸ್‌ಲೋವಿಡ್ ಬಗ್ಗೆ ಇದನ್ನು ದೊಡ್ಡದಾಗಿ ಹೇಳಲೇಬೇಕು. ಅದರಲ್ಲಿರುವ ರಿಟೊನಾವಿರ್, ಟ್ಯಾಕ್ರೋಲಿಮಸ್ ಅನ್ನು ಒಡೆಯುವ ಲಿವರಿನ ಕಿಣ್ವವನ್ನೇ ತಡೆಯುತ್ತದೆ. ಎರಡನ್ನೂ ಒಟ್ಟಿಗೆ ತಗೊಂಡರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಹಲವು ಪಟ್ಟು ಏರಿ ಕೈ ನಡುಗುವುದು, ಗೊಂದಲವಾಗುವುದು, ಕಿಡ್ನಿಗೇ ಪೆಟ್ಟು ಬೀಳುವುದು ಎಲ್ಲಾ ಆಗಬಹುದು. ಟ್ಯಾಕ್ರೋಲಿಮಸ್ ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು, ರಕ್ತ ಪರೀಕ್ಷೆ ಯಾವತ್ತು, ಇದೆಲ್ಲ ಕಸಿ ವೈದ್ಯರು ಹೇಳಬೇಕು. ಭಯಬಿದ್ದು ನೀವೇ ಟ್ಯಾಕ್ರೋಲಿಮಸ್ ಬಿಟ್ಟರೆ ದೇಹ ಅಂಗವನ್ನೇ ತಿರಸ್ಕರಿಸುವ ಅಪಾಯ. ಮೈಕೋಫೆನೋಲೇಟ್ ಕಮ್ಮಿ ಮಾಡುವುದೂ ವೈದ್ಯರ ತೀರ್ಮಾನವೇ. ಹಾಗಾಗಿ ಟೆಸ್ಟ್ ಪಾಸಿಟಿವ್ ಬಂತಾ, ಮೊದಲ ಫೋನು ಕಸಿ ಕೇಂದ್ರಕ್ಕೆ. ಪ್ಯಾಕ್ಸ್‌ಲೋವಿಡ್ ಆಗದಿದ್ದರೆ ವೈರಸ್ ತಡೆಯುವ ರೆಮ್ಡೆಸಿವಿರ್ ಅನ್ನುವ ಔಷಧಿಯ ಮೂರು ದಿನದ ಡ್ರಿಪ್ ಇದೆ, ಆದರೆ ಅದನ್ನೂ ಲಕ್ಷಣ ಶುರುವಾದ ಮೊದಲ ವಾರದೊಳಗೆ ಕೊಡಬೇಕು. ಜ್ವರ ಬರಲಿ ನೋಡೋಣ ಅಂತ ಕಾಯಬೇಡಿ. ಈ ಔಷಧಿಗಳ ಮೇಲಿರುವವರಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಬರೀ ಸುಸ್ತು, ಭೇದಿ ಇರಬಹುದು. ಭೇದಿಯಾದರೂ ಟ್ಯಾಕ್ರೋಲಿಮಸ್ ಮಟ್ಟ ಏರುತ್ತದೆ.

ಇನ್ನೊಂದು ಮಾತು, ಇಮ್ಯುನಿಟಿ ಹೆಚ್ಚಿಸುವ ಪುಡಿ ಮಾತ್ರೆಗಳನ್ನು ಇವರಿಗೆ ಪ್ರೀತಿಯಿಂದ ತಂದುಕೊಡುವವರು ದಯವಿಟ್ಟು ನಿಲ್ಲಿಸಿ. ಇಮ್ಯುನಿಟಿ ಹೆಚ್ಚದಿರಲಿ ಅಂತಲೇ ಅವರು ದಿನಾ ಔಷಧಿ ನುಂಗುತ್ತಿರುವುದು.

2020ರ ಮೊದಲ ತಿಂಗಳುಗಳಲ್ಲಿ ಕೊರೊನಾದಿಂದ ಆಸ್ಪತ್ರೆ ಸೇರಿದ ಕಸಿಯಾದವರನ್ನು ಗಮನಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಐದರಲ್ಲಿ ಒಬ್ಬರು 28 ದಿನದೊಳಗೆ ತೀರಿಕೊಂಡಿದ್ದರು. ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ, ಸುಮ್ನೆ ಹೆದರಿಸುವುದು ನನಗೂ ಇಷ್ಟವಿಲ್ಲ. ಆದರೂ ಉಳಿದವರಿಗಿಂತ ಇವರಿಗೆ ಅಪಾಯ ಜಾಸ್ತಿಯೇ. ವೈರಸ್ ಮೈಯಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದೂ ಉಂಟು.

ಲಸಿಕೆ ಅರ್ಧಂಬರ್ಧ, ಮಾತ್ರೆಗೆ ನೂರೆಂಟು ಷರತ್ತು. ಅವರ ಕೈಯಲ್ಲಿ ಆಗುವುದನ್ನೆಲ್ಲ ಅವರು ಮಾಡುತ್ತಲೇ ಇದ್ದಾರೆ. ಉಳಿದದ್ದು ಅವರ ಸುತ್ತ ಇರುವ ನಮ್ಮ ಪಾಲು, ಅಲ್ವಾ? ಮನೆಯವರೆಲ್ಲ ಲಸಿಕೆ ಹಾಕಿಸಿಕೊಳ್ಳಿ. ಗಂಟಲು ಕೆರೆಯುತ್ತಿದ್ದರೆ "ಬರೀ ಅಲರ್ಜಿ" ಅಂದುಕೊಂಡು ಅವರ ಮನೆಗೆ ಹೋಗಬೇಡಿ, ಹೋಗಲೇಬೇಕಿದ್ದರೆ ಮಾಸ್ಕ್ ಹಾಕಿ, ಕಿಟಕಿ ತೆಗೆಸಿ. ಕೆಮ್ಮು ಬಂದವರಿಗೆ ರಜೆ ಕೊಡದ ಮ್ಯಾನೇಜರ್‌ಗಳೇ, ನಿಮ್ಮ ತಂಡದಲ್ಲೇ ಕಸಿಯಾದವರೊಬ್ಬರು ಯಾರಿಗೂ ಹೇಳದೆ ಕೆಲಸ ಮಾಡುತ್ತಿರಬಹುದು. ಕೆಮ್ಮುವವರನ್ನು ಮನೆಗೆ ಕಳಿಸಿ. ಕಸಿಯಾದವರು ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂದರೆ, ಕಾರಣ ಬಿಡಿಸಿ ಕೇಳದೆ ಒಪ್ಪಿಕೊಳ್ಳಿ.