ಸಾವಿನ ಮನೆಯನ್ನೂ ಬಿಡದ ‘ಅಂತೆ’ಗಳು

ಯಾರಾದರೂ ತೀರಿಕೊಂಡರೆ ಸಾಕು, ಅರ್ಧ ಗಂಟೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ‘ಅಸಲಿ ಕಾರಣ’ ಬಂದುಬಿಡುತ್ತದೆ. ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ.

2021ರ ಅಕ್ಟೋಬರ್ 29 ನೆನಪಿದೆ ಅಲ್ವಾ? ಪುನೀತ್ ರಾಜ್‌ಕುಮಾರ್‌ಗೆ ಆಗ ಬರೀ 46 ವರ್ಷ. ಅಂತ್ಯಕ್ರಿಯೆ ಕೂಡ ಆಗಿರಲಿಲ್ಲ. ಆಗಲೇ ಜಿಮ್ ಕಾರಣ, ಲಸಿಕೆ ಕಾರಣ ಅಂತ ಫಾರ್ವರ್ಡ್‌ಗಳು ಶುರುವಾದವು. ಆಮೇಲೆ ಅವರನ್ನು ನೋಡಿದ ವೈದ್ಯರ ಮೇಲೆ ತಿರುಗಿಬಿದ್ದರು. ಆ ವೈದ್ಯರಿಗೆ ಪೊಲೀಸ್ ಕಾವಲು ಕೊಡಬೇಕಾಯಿತು. ಜನ ಹೆದರಿ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಸಾಲು ನಿಂತರು.

ಕೆಟ್ಟ ಮನಸ್ಸಿನವರು ಮಾತ್ರ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ದುಃಖಕ್ಕೆ ಒಂದು ಕಾರಣ ಸಿಕ್ಕರೆ ಮನಸ್ಸಿಗೆ ಸಮಾಧಾನ. ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು ಅನ್ನುವುದರಲ್ಲೂ ಒಂದು ರುಚಿಯಿದೆ. ಆ ರಾತ್ರಿ ನಾನೂ ಎಲ್ಲ ಓದಿದೆ, ನಿಜ.

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಹೋದ. ತಾಯಿಯ ಕಣ್ಣೀರು ಆರುವ ಮುಂಚೆಯೇ ಅದೇ ಶುರು. ಕುಡಿತವಂತೆ, ಸಾಲವಂತೆ, ಹುಡುಗಿಯಂತೆ. ಇದನ್ನೆಲ್ಲ ಟೈಪ್ ಮಾಡಿದವರೇ ಮರುದಿನ ಆ ಮನೆಗೆ ಹೋಗಿ ಕೈ ಮುಗಿದು ಬಂದರು. ಆ ಗ್ರೂಪಿನಲ್ಲಿ ಅವನ ತಂಗಿಯೂ ಇದ್ದಾಳೆ.