ಇಇಜಿ ನಾರ್ಮಲ್ ಬಂದರೆ ಫಿಟ್ಸ್ ಇಲ್ಲ ಅಂತ ಅರ್ಥವಲ್ಲ

ಎರಡು ದಿನದಿಂದ ಮಡಿಕೇರಿ, ಸೋಮವಾರಪೇಟೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. "ಇಇಜಿ ನಾರ್ಮಲ್ ಬಂದರೆ ಫಿಟ್ಸ್ ಕಾಯಿಲೆ ಇಲ್ಲ, ಮಾತ್ರೆ ನಿಲ್ಲಿಸಬಹುದು" ಅಂತ. ಇದು ತಪ್ಪು. ನಾನೂ ಮೊನ್ನೆ ಅದನ್ನು ನಮ್ಮೂರಿನ ಗ್ರೂಪಿಗೆ ಕಳಿಸಿದ್ದೆ, ಈಗ ಅಳಿಸಿದ್ದೇನೆ.

ಇಇಜಿ ಅಂದರೆ ತಲೆಗೆ ಪೇಸ್ಟ್ ಹಚ್ಚಿ, ಸುಮಾರು 20 ವೈರು ಅಂಟಿಸಿ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು. ಸಾಮಾನ್ಯವಾಗಿ 20-30 ನಿಮಿಷ ಅಷ್ಟೇ. ಆ ಹೊತ್ತಲ್ಲಿ ಮೆದುಳು ಶಾಂತವಾಗಿದ್ದರೆ ಗೆರೆಗಳೂ ಸರಿಯಾಗೇ ಬರುತ್ತವೆ ಅಲ್ವಾ? ಫಿಟ್ಸ್ ಇರುವವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲ ಇಇಜಿಯಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ಕೆಲವರಿಗೆ ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿಸಿ ಇನ್ನೊಮ್ಮೆ ತೆಗೆಯುತ್ತಾರೆ.

ಕೆಲವು ಸಲ ಅಲೆಯೇ ಕಾಯಿಲೆ ಹೇಳಿಬಿಡುತ್ತದೆ. ಪಾಠದ ಮಧ್ಯೆ ಕೆಲವು ಸೆಕೆಂಡ್ ಸುಮ್ನೆ ದಿಟ್ಟಿಸುತ್ತಾ ಕೂತುಬಿಡುವ ಮಗುವಿಗೆ (ಇದೂ ಒಂದು ಬಗೆಯ ಫಿಟ್ಸ್ ಇರಬಹುದು) ಇಇಜಿ ತೆಗೆಯುವಾಗ ಜೋರಾಗಿ ಉಸಿರಾಡಲು ಹೇಳಿದರೆ, ಒಂದು ಚೂಪು ಮೊನೆ, ಹಿಂದೆಯೇ ಒಂದು ದುಂಡು ಅಲೆ, ಹೀಗೆ ಸೆಕೆಂಡಿಗೆ 3 ಸಲದಂತೆ ಸಾಲಾಗಿ ಮೂಡಬಹುದು. ಆದರೆ ಎಲ್ಲರಿಗೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಫಿಟ್ಸ್ ಬಂದಾಗ ನೋಡಿದವರ ಮಾತು, ಫೋನಿನಲ್ಲಿ ತೆಗೆದ ವಿಡಿಯೊ ಡಾಕ್ಟರಿಗೆ ತುಂಬಾ ಮುಖ್ಯ.

ಮಾತ್ರೆ ಮಾತ್ರ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ನಿಲ್ಲದೆ ಬರಬಹುದು, ಜೀವಕ್ಕೇ ಅಪಾಯ. ಆ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನು ಹಾಕಿ.